ಮರದ ಪೊಟರೆಯಲ್ಲಿ ಒಂಟಿ ಮರಿ

(ವಿದ್ಯಾರ್ಥಿಗಳ ನಿಸರ್ಗ ಬಳಗವೊಂದರ ಮುಂದೆ ಆಡಿದ ಮಾತುಗಳನ್ನು ತಿದ್ದಿ ಬರೆದದ್ದು)

ಮಾತನ್ನು 1936ರಿಂದ ಆರಂಭಿಸುತ್ತೇನೆ. ಆ ವರ್ಷದ ನವೆಂಬರ್ ತಿಂಗಳಲ್ಲಿ ರೂತ್ ಹಾರ್ಕ್‌ನೆಸ್ ಎಂಬ ಅಮೆರಿಕದ ಮಹಿಳೆ ಚೀನಾದ ಸಿಚುವಾನ್ ಪ್ರಾಂತ್ಯದ ಬೆಟ್ಟಗಳಲ್ಲಿ ಪಾಂಡಾವನ್ನು ಹುಡುಕುತ್ತಿದ್ದರು. ಅದೇ ಕೆಲಸಕ್ಕೆಂದು ಚೀನಾಕ್ಕೆ ಬಂದಿದ್ದ ಅವರ ಗಂಡ ಕೆಲವು ತಿಂಗಳ ಹಿಂದಷ್ಟೇ ಶಾಂಘೈನಲ್ಲಿ ತೀರಿಕೊಂಡಿದ್ದರು. ಬೇಟೆಗಾರರ ಗದ್ದಲಕ್ಕೆ ಬೆದರಿ ದೊಡ್ಡ ಪಾಂಡಾ ಓಡಿಹೋದ ಮೇಲೆ ಮುದಿ ಮರವೊಂದರ ಪೊಟರೆಯಿಂದ ಸಣ್ಣ ಕುಂಯ್‌ಗುಟ್ಟುವಿಕೆ ಕೇಳಿತು. ಒಳಗೆ ಕೈಹಾಕಿದಾಗ ಮರಿ ಸಿಕ್ಕಿತು. ಹಾರ್ಕ್‌ನೆಸ್ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾ, ಹಡಗಿನ ಕಾಗದಪತ್ರಗಳಲ್ಲಿ 'ಒಂದು ನಾಯಿ' ಎಂದು ಬರೆಸಿ, ಅಮೆರಿಕಕ್ಕೆ ಕರೆದೊಯ್ದರು. ಪಾಶ್ಚಾತ್ಯ ದೇಶಗಳು ಜೀವಂತವಾಗಿ ಕಂಡ ಮೊದಲ ಪಾಂಡಾ ಅದು. ಸು ಲಿನ್ ಎಂದು ಹೆಸರಿಟ್ಟು ಹೆಣ್ಣೆಂದೇ ಎಲ್ಲರೂ ನಂಬಿದ್ದ ಆ ಮರಿ ಶಿಕಾಗೋದ ಮೃಗಾಲಯದಲ್ಲಿ 1938ರಲ್ಲಿ ಸತ್ತಾಗ, ಅದು ಗಂಡು ಎಂಬುದು ಗೊತ್ತಾಯಿತು.

ಆ ಮರಿಯನ್ನು ಕೈಗೆತ್ತಿಕೊಂಡವರು ಕ್ರೂರಿಗಳಾಗಿರಲಿಲ್ಲ, ಅದನ್ನು ಎದೆಗವಚಿಕೊಂಡು ಸಾಕಿದರು. ಆದರೂ ಪೊಟರೆಯಲ್ಲಿದ್ದಾಗ ಅದು ಅನಾಥವಾಗಿರಲಿಲ್ಲ. ಎತ್ತಿದ ಮೇಲೆ ಅನಾಥವಾಯಿತು. ಪಾಂಡಾ ಮರಿಗಳ ಅಧ್ಯಯನದ ಇತಿಹಾಸವನ್ನು ಓದುವಾಗಲೆಲ್ಲ ನನಗೆ ಈ ಪೊಟರೆಯೇ ನೆನಪಾಗುತ್ತದೆ. ಏಕೆಂದರೆ ಮುಂದಿನ ಐವತ್ತು ವರ್ಷ ಪಾಂಡಾಗಳಿಗೆ ಒಳ್ಳೆಯದನ್ನು ಬಯಸಿದವರೂ ಬೇರೆ ಬೇರೆ ರೂಪದಲ್ಲಿ ಇದೇ ತಪ್ಪನ್ನು ಮಾಡಿದರು, ಮತ್ತು ಆ ತಪ್ಪನ್ನು ತಿದ್ದಿದ್ದು ತಾಯಿ ಏನು ಮಾಡುತ್ತದೆ ಎಂದು ತಾಳ್ಮೆಯಿಂದ ಕೂತು ನೋಡಿದ ಕೆಲವರ ಕೆಲಸ. ನಾನು ಪಾಂಡಾವನ್ನು ಕಾಡಿನಲ್ಲಿ ಕಂಡವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಅದು ಕಣ್ಣಿಗೆ ಬಿದ್ದದ್ದು ಅಪರೂಪವೇ.

ಮೊದಲು ಮರಿಯ ವಿಚಾರ. ಹುಟ್ಟಿದ ಪಾಂಡಾ ಮರಿಯ ತೂಕ ಸುಮಾರು 100 ಗ್ರಾಂ. ತಾಯಿಯ ತೂಕ 100 ಕಿಲೋ ಆಸುಪಾಸು ಇರುವುದರಿಂದ, ಮರಿಯು ತಾಯಿಯ ತೂಕದ ಒಂಬೈನೂರರಲ್ಲಿ ಒಂದು ಪಾಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಸುವಿನ ಕರುವನ್ನು ನೋಡಿ ಬೆಳೆದ ನಮಗೆ ಇದು ನಂಬಲಾಗದ ಲೆಕ್ಕ. ಚೀಲದೊಳಗೆ ಮರಿ ಬೆಳೆಸುವ ಕಾಂಗರೂವಿನಂಥವನ್ನು ಬಿಟ್ಟರೆ, ತಾಯಿಗೂ ಮರಿಗೂ ಇಷ್ಟು ಅಂತರವಿರುವ ಸಸ್ತನಿಗಳು ತೀರಾ ಕಡಿಮೆ. ಮರಿಗೆ ಕಣ್ಣು ತೆರೆದಿರುವುದಿಲ್ಲ. ಗುಲಾಬಿ ಚರ್ಮದ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು. ದೇಹಕ್ಕೆ ಹೋಲಿಸಿದರೆ ಉದ್ದವೇ ಎನ್ನಬಹುದಾದ ಬಾಲ. ಒಂದೆರಡು ವಾರದಲ್ಲಿ ಕಿವಿ, ಕಣ್ಣಿನ ಸುತ್ತ ಮತ್ತು ಕಾಲುಗಳಲ್ಲಿ ಚರ್ಮ ಕಪ್ಪಾಗತೊಡಗಿ, ನಾವು ಪಾಂಡಾ ಎಂದು ಗುರುತಿಸುವ ಚಿತ್ರ ಮೂಡುತ್ತದೆ. ಕಣ್ಣು ತೆರೆಯಲು ಆರರಿಂದ ಎಂಟು ವಾರ, ನೆಟ್ಟಗೆ ತೆವಳಲು ಮೂರು ತಿಂಗಳು ಬೇಕು. ತಾಯಿ ನಾಲಿಗೆಯಿಂದ ನೆಕ್ಕದಿದ್ದರೆ ಮಲಮೂತ್ರ ವಿಸರ್ಜನೆಯೂ ಆಗದಷ್ಟು ಅದು ಪರಾಧೀನ. ಅದಕ್ಕಿರುವ ಒಂದೇ ಒಂದು ಬಲ ಧ್ವನಿ. ಆ ನೂರು ಗ್ರಾಂ ದೇಹದಿಂದ ಹೊರಡುವ ಕಿರುಚಾಟ ತಾಯಿಯನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಇಷ್ಟು ಅಪಕ್ವವಾದ ಮರಿ ಏಕೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಕರಡಿಗಳೆಲ್ಲವೂ ಸಣ್ಣ ಮರಿಗಳನ್ನೇ ಈಯುತ್ತವೆ, ಪಾಂಡಾ ಆ ಸಾಲಿನ ಕೊನೆಯ ತುದಿಯಲ್ಲಿದೆ. ಗರ್ಭ ಧರಿಸಿದ ಮೇಲೆ ಭ್ರೂಣವು ಗರ್ಭಕೋಶದ ಗೋಡೆಗೆ ಕೂಡಲೇ ಅಂಟಿಕೊಳ್ಳದೆ ವಾರಗಟ್ಟಲೆ, ತಿಂಗಳುಗಟ್ಟಲೆ ತೇಲುತ್ತಲೇ ಇರುತ್ತದೆ; ಆದ್ದರಿಂದ ಗರ್ಭಾವಧಿ ಮೂರು ತಿಂಗಳಿಂದ ಐದು ತಿಂಗಳವರೆಗೂ ಹಿಗ್ಗುತ್ತದೆ, ಆದರೆ ಭ್ರೂಣ ನಿಜವಾಗಿ ಬೆಳೆಯುವುದು ಕೊನೆಯ ಕೆಲವೇ ವಾರ. ಇದರ ಜೊತೆಗೆ ಆಹಾರದ ಕಥೆಯೂ ಇದೆ. ಪಾಂಡಾ ಮಾಂಸಾಹಾರಿಯ ಕರುಳನ್ನಿಟ್ಟುಕೊಂಡು ಬಿದಿರು ತಿನ್ನುವ ಕರಡಿ. ತಿಂದ ಬಿದಿರಿನಲ್ಲಿ ಅದಕ್ಕೆ ಜೀರ್ಣವಾಗುವುದು ಸುಮಾರು 17 ಶೇಕಡಾ ಮಾತ್ರ. ಹಾಗಾಗಿ ದಿನದ ಹೆಚ್ಚಿನ ಪಾಲು ತಿನ್ನುವುದರಲ್ಲೇ ಕಳೆಯುತ್ತದೆ. ಉಳಿದ ಹೊತ್ತು ಶಕ್ತಿ ಖರ್ಚಾಗದಂತೆ ಮಲಗಿರುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ದೈನಂದಿನ ಶಕ್ತಿವ್ಯಯವು ಅಷ್ಟೇ ತೂಕದ ಇತರ ಸಸ್ತನಿಗಳಿಂದ ನಿರೀಕ್ಷಿಸುವುದರ 38 ಶೇಕಡಾದಷ್ಟೇ ಎಂದು ತೋರಿಸಿತು. ನಾವು ಸೋಮಾರಿತನ ಎಂದು ನಗುವುದು ಅದರ ಬದುಕಿನ ಲೆಕ್ಕಾಚಾರ. ಇಂಥ ತಾಯಿಯು ಮರಿಯನ್ನು ಬಿಟ್ಟು ಕದಲದೆ ಕೂತರೆ ತಾನೇ ಉಪವಾಸ ಬೀಳುತ್ತದೆ, ಬಿಟ್ಟು ಹೋದರೆ ಮರಿ ತಣ್ಣಗಾಗುತ್ತದೆ. ಈ ಇಕ್ಕಟ್ಟನ್ನು ಅದು ಹೇಗೆ ದಾಟುತ್ತದೆ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರಲು ಕಾರಣವಿತ್ತು. ಪಾಂಡಾ ಇರುವುದು ಸಿಚುವಾನ್, ಶಾನ್ಶಿ ಮತ್ತು ಗಾನ್ಸು ಪ್ರಾಂತ್ಯಗಳ ಆರು ಪರ್ವತ ಶ್ರೇಣಿಗಳಲ್ಲಿ. ಮಂಜು, ಮಳೆ, ಕಡಿದಾದ ಇಳಿಜಾರು, ಅದರ ಮೇಲೆ ಎದುರಿಗಿನ ಮನುಷ್ಯನೂ ಕಾಣದಷ್ಟು ಒತ್ತಾದ ಬಿದಿರು. ಸಿಚುವಾನ್‌ನ ವೊಲಾಂಗ್ ರಕ್ಷಿತಾರಣ್ಯದಲ್ಲಿ ಹು ಜಿನ್‌ಚು ಎಂಬ ಪ್ರಾಣಿಶಾಸ್ತ್ರಜ್ಞರು 1978ರಲ್ಲಿ ಒಂದು ವೀಕ್ಷಣಾ ಠಾಣೆ ಕಟ್ಟಿದರು. ಬಿಡಾರದಿಂದ ನೀರಿನ ಜಾಗಕ್ಕೆ ಐವತ್ತೊಂದು ಮೆಟ್ಟಿಲುಗಳಿದ್ದುದರಿಂದ ಅದಕ್ಕೆ ವುಯಿಪೆಂಗ್, ಅಂದರೆ 'ಐದು-ಒಂದರ ಗುಡಾರ' ಎಂಬ ಹೆಸರು ಬಿತ್ತು. ವಿಶ್ವ ವನ್ಯಜೀವಿ ನಿಧಿಯ ಪರವಾಗಿ ಜಾರ್ಜ್ ಶಾಲರ್ 1980ರಲ್ಲಿ ಇವರ ಜೊತೆಗೂಡಿದರು. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳನ್ನು ಅಧ್ಯಯನ ಮಾಡಿದ್ದ ಅದೇ ಶಾಲರ್. 1981ರಲ್ಲಿ ಮೊದಲ ಪಾಂಡಾಗಳ ಕೊರಳಿಗೆ ರೇಡಿಯೋ ಪಟ್ಟಿ ಬಿತ್ತು.

ಕೊರಳಪಟ್ಟಿಯ ಸಂಕೇತ ಪ್ರಾಣಿ ಎಲ್ಲಿದೆ, ಎದ್ದಿದೆಯೋ ಮಲಗಿದೆಯೋ ಎಂಬುದನ್ನಷ್ಟೇ ಹೇಳುತ್ತದೆ. ಮಿಕ್ಕದ್ದನ್ನು ಹೇಳಿದ್ದು ಲದ್ದಿ. ಒಂದು ಪಾಂಡಾ ದಿನಕ್ಕೆ ನೂರರ ಆಸುಪಾಸು ಲದ್ದಿಯುಂಡೆಗಳನ್ನು ಹಾಕುತ್ತದೆ. ಬಿದಿರು ಸರಿಯಾಗಿ ಜೀರ್ಣವಾಗದೆ ಬರುವುದರಿಂದ ಕಡಿದ ತುಂಡುಗಳು ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ಒಂದೊಂದು ಪಾಂಡಾದ ಕಡಿತದ ಉದ್ದ ಒಂದೊಂದು ಬಗೆ, ಮರಿಯದು ಇನ್ನೂ ಚಿಕ್ಕದು. ಹು ಜಿನ್‌ಚು ಈ ತುಂಡುಗಳನ್ನು ಅಳೆದು ಒಂದು ಪಾಂಡಾವನ್ನು ಇನ್ನೊಂದರಿಂದ ಬೇರ್ಪಡಿಸುವ ವಿಧಾನವನ್ನು ರೂಪಿಸಿದರು, ಮತ್ತು ಮುಂದಿನ ರಾಷ್ಟ್ರೀಯ ಗಣತಿಗಳು ಅದನ್ನೇ ನೆಚ್ಚಿಕೊಂಡವು. ಆಮೇಲೆ ಲದ್ದಿಯ ಮೇಲ್ಪದರದಿಂದ ಡಿಎನ್‌ಎ ತೆಗೆಯುವುದು ಸಾಧ್ಯವಾಯಿತು. ವಾಂಗ್ಲಾಂಗ್ ರಕ್ಷಿತಾರಣ್ಯದಲ್ಲಿ ಹಳೆಯ ವಿಧಾನದಿಂದ 27 ಪಾಂಡಾ ಎಂದು ಅಂದಾಜಿಸಿದ್ದ ಜಾಗದಲ್ಲಿ 66 ಬೇರೆ ಬೇರೆ ಪಾಂಡಾಗಳ ಗುರುತು ಸಿಕ್ಕಿತೆಂದು 2006ರಲ್ಲಿ ಒಂದು ತಂಡ ವರದಿ ಮಾಡಿತು. ಹುಲಿಯ ಹಿಕ್ಕೆಯಿಂದಲೂ ಕ್ಯಾಮೆರಾ ಟ್ರ್ಯಾಪ್‌ನಿಂದಲೂ ಲೆಕ್ಕ ಹಾಕುವುದನ್ನು ನಾಗರಹೊಳೆಯ ಕೆಲಸದಿಂದ ಬಲ್ಲ ನಮಗೆ ಇದು ಹೊಸದಲ್ಲ. ಆದರೂ ಎಣಿಕೆಯ ವಿಧಾನ ಬದಲಾದೊಡನೆ ಎರಡು ಪಟ್ಟಿಗೂ ಹೆಚ್ಚು ಪ್ರಾಣಿಗಳು ಕಾಣಿಸಿಕೊಳ್ಳುವುದನ್ನು ನೋಡಿದರೆ, ಗಣತಿಯ ಅಂಕಿಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದು ತಿಳಿಯುತ್ತದೆ.

ಈಗ ಬಿದಿರಿನ ಹೂವಿನ ಪ್ರಸಂಗಕ್ಕೆ ಬರೋಣ. ಬಿದಿರು ಎಷ್ಟೋ ದಶಕಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಅಕ್ಕಿ ಉದುರಿಸಿ, ಒಟ್ಟಿಗೆ ಒಣಗುವುದನ್ನು ನಮ್ಮ ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಬಿದಿರಕ್ಕಿ ಆಯ್ದು ತಂದವರ ಮನೆಯಲ್ಲೇ ಮುಂದೆ ಬರ ಬರುತ್ತದೆಂದು ಹೆದರುವ ಹಿರಿಯರೂ ಇದ್ದರು. ಮಿನ್‌ಶಾನ್ ಶ್ರೇಣಿಯಲ್ಲಿ 1970ರ ದಶಕದ ನಡುವೆ ಬಿದಿರು ಹೂಬಿಟ್ಟು ಸತ್ತಾಗ ಕನಿಷ್ಠ 138 ಪಾಂಡಾಗಳ ಕಳೇಬರ ಸಿಕ್ಕಿದ್ದವು. ಆ ಭೀತಿ ಮಾಸುವ ಮುನ್ನವೇ, 1983ರಲ್ಲಿ, ವೊಲಾಂಗ್ ಇರುವ ಚಿಯೊಂಗ್ಲಾಯ್ ಶ್ರೇಣಿಯಲ್ಲೂ ಒಂದು ಜಾತಿಯ ಬಿದಿರು ಹೂಬಿಟ್ಟಿತು. ದೇಶಕ್ಕೆ ದೇಶವೇ ಕನಿಕರಗೊಂಡು ಹಣ ಕೂಡಿಸಿತು, ಹಸಿದ ಪಾಂಡಾಗಳನ್ನು ರಕ್ಷಿಸಲು ತಂಡಗಳು ಕಾಡಿಗೆ ಇಳಿದವು. ಆದರೆ ಕೊರಳಪಟ್ಟಿಯ ಪಾಂಡಾಗಳನ್ನು ಹಿಂಬಾಲಿಸುತ್ತಿದ್ದವರು ಕಂಡದ್ದು ಬೇರೆ. ಒಂದು ಜಾತಿ ಒಣಗಿದರೆ ಅವು ಕೆಳಗಿನ ಇಳಿಜಾರಿನ ಇನ್ನೊಂದು ಜಾತಿಯ ಬಿದಿರಿಗೆ ಹೋಗುತ್ತಿದ್ದವು. ರಕ್ಷಣೆಯ ಹೆಸರಿನಲ್ಲಿ ಹಿಡಿದು ಪಂಜರಕ್ಕೆ ಸೇರಿಸಿದವುಗಳಲ್ಲಿ ಗಟ್ಟಿಮುಟ್ಟಾದವೂ ಇದ್ದವೆಂದು ಶಾಲರ್ ಬೇಸರದಿಂದ ಹೇಳಿದರು. ಅವರ ಮಟ್ಟಿಗೆ ನಿಜವಾದ ಅಪಾಯ ಬೇಟೆಗಾರರ ಉರುಳು, ಮತ್ತು ಕೆಳಗಿನ ಕಾಡನ್ನು ಹೊಲಗಳು ನುಂಗಿಹಾಕಿ, ಬಿದಿರು ಸತ್ತಾಗ ಇಳಿದು ಹೋಗಲು ಜಾಗವೇ ಉಳಿಯದಿರುವುದು.

ಮರಿಗಳ ವಿಷಯದಲ್ಲಿ ಇದೇ ಕನಿಕರ ಇನ್ನೂ ಸುಲಭವಾಗಿ ಎಡವುತ್ತಿತ್ತು. ಸೌದೆಗೋ ಔಷಧಿ ಬೇರಿಗೋ ಹೋದವರಿಗೆ ಮರದ ಕವಲಿನಲ್ಲಿ ಅಥವಾ ಬಂಡೆಯ ಸಂದಿನಲ್ಲಿ ಪಾಂಡಾ ಮರಿ ಒಂಟಿಯಾಗಿ ಕಾಣುತ್ತಿತ್ತು. ಸುತ್ತ ತಾಯಿಯ ಸುಳಿವಿಲ್ಲ. ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಹೊತ್ತು ತಂದು ಒಪ್ಪಿಸುತ್ತಿದ್ದರು.

ಇದು ತಪ್ಪು ಎಂದು ಸಾಬೀತಾದದ್ದು ಚಿನ್‌ಲಿಂಗ್ ಪರ್ವತಗಳಲ್ಲಿ, ಒಂದು ತಾಯಿಯಿಂದ. ಬೀಜಿಂಗ್ ವಿಶ್ವವಿದ್ಯಾಲಯದ ಪಾನ್ ವೆನ್‌ಷಿ 1980ರ ದಶಕದ ನಡುವಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಶಾನ್ಶಿ ಪ್ರಾಂತ್ಯದ ಚಾಂಗ್‌ಚಿಂಗ್ ಪ್ರದೇಶದಲ್ಲಿ, ಮರ ಕಡಿಯುವ ಸರ್ಕಾರಿ ಉದ್ದಿಮೆಯೊಂದರ ಕಾಡಿನಲ್ಲೇ ಬಿಡಾರ ಹೂಡಿ ಪಾಂಡಾಗಳ ಬೆನ್ನು ಬಿದ್ದರು. ವಿದ್ಯಾರ್ಥಿನಿಯಾಗಿ ಅವರ ಜೊತೆ ಸೇರಿದವರು ಲ್ಯು ಝಿ. ಇಂದು ಚೀನಾದ ಸಂರಕ್ಷಣಾ ವಿಜ್ಞಾನದಲ್ಲಿ ದೊಡ್ಡ ಹೆಸರು. ಅವರು ಕೊರಳಪಟ್ಟಿ ತೊಡಿಸಿದ ಹೆಣ್ಣು ಪಾಂಡಾಗಳಲ್ಲೊಂದಕ್ಕೆ ಜ್ಯಾವ್ ಜ್ಯಾವ್ ಎಂಬ ಹೆಸರಿತ್ತು. 1989ರ ಆಗಸ್ಟ್‌ನಲ್ಲಿ ಅದು ಗಂಡು ಮರಿಯನ್ನು ಈದಿತು, 1992ರ ಆಗಸ್ಟ್‌ನಲ್ಲಿ ಇನ್ನೊಂದನ್ನು, ಹೆಣ್ಣನ್ನು. ಎರಡನೆಯದಕ್ಕೆ ಇಟ್ಟ ಶಿ ವಾಂಗ್ ಎಂಬ ಹೆಸರಿಗೆ 'ಭರವಸೆ' ಎಂದರ್ಥ.

ಜ್ಯಾವ್ ಜ್ಯಾವ್ ಮನುಷ್ಯರ ಇರವನ್ನು ನಿಧಾನವಾಗಿ ಸಹಿಸಿಕೊಂಡಿತು. ಗವಿಯ ಹತ್ತಿರ ಗಂಟೆಗಟ್ಟಲೆ ಕೂತು ನೋಡಿದವರಿಗೆ ಆ ಇಕ್ಕಟ್ಟಿನ ಉತ್ತರ ತಾನಾಗಿ ಬಿಚ್ಚಿಕೊಂಡಿತು. ಹೆತ್ತ ಮೊದಲ ದಿನಗಳಲ್ಲಿ ತಾಯಿ ಗವಿ ಬಿಟ್ಟು ಹೊರಬರುವುದೇ ಇಲ್ಲ. ತಿನ್ನದೆ, ಕುಡಿಯದೆ, ಮರಿಯನ್ನು ಅಂಗೈಯಲ್ಲೋ ಎದೆಯ ಮೇಲೋ ಇಟ್ಟುಕೊಂಡು ಕೂತಿರುತ್ತದೆ. ಮರಿಗೆ ಕೂದಲು ತುಂಬಿ ತನ್ನ ಬಿಸಿಯನ್ನು ತಾನು ಹಿಡಿದಿಟ್ಟುಕೊಳ್ಳುವಂತಾದಾಗ, ಮೊದಲು ಸ್ವಲ್ಪ ಹೊತ್ತು, ಆಮೇಲೆ ಹೆಚ್ಚು ಹೊತ್ತು, ಬಿದಿರು ಹುಡುಕಿ ಹೊರಡುತ್ತದೆ. ಮರಿ ಬೆಳೆದಂತೆ ಅದನ್ನು ಮರದ ಮೇಲೆ ಬಿಟ್ಟು ಹೋಗುವ ಅವಧಿ ಹಲವು ಗಂಟೆಗಳಾಗುತ್ತದೆ, ಒಮ್ಮೊಮ್ಮೆ ಎರಡು ದಿನಗಳವರೆಗೂ ಹಿಗ್ಗುತ್ತದೆ. ಅಷ್ಟು ಹೊತ್ತೂ ಮರಿ ನಿದ್ದೆ ಮಾಡುತ್ತಾ ಕಾಯುತ್ತದೆ. ತಾಯಿ ಹಿಂತಿರುಗುತ್ತದೆ. ದಿನಕ್ಕೆ ಹತ್ತಾರು ಕಿಲೋ ಬಿದಿರು ತಿನ್ನಲೇಬೇಕಾದ ಪ್ರಾಣಿಗೆ ಮರಿಯನ್ನು ಒಂಟಿಯಾಗಿ ಬಿಡುವುದೇ ಮರಿಸಾಕಣೆಯ ಕ್ರಮ. ಹಾಗಾದರೆ ಅದುವರೆಗೆ ಕಾಡಿನಿಂದ 'ರಕ್ಷಿಸಿ' ತಂದ ಮರಿಗಳಲ್ಲಿ ಎಷ್ಟರ ತಾಯಂದಿರು ಸಂಜೆ ಬಂದು ಬರಿದಾದ ಮರವನ್ನು ನೋಡಿರಬಹುದು? ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಅಧ್ಯಯನ ಗವಿಯ ಬಾಗಿಲಲ್ಲೇ ನಿಲ್ಲಲಿಲ್ಲ. ತಾವು ಹಿಂಬಾಲಿಸುತ್ತಿದ್ದ ಕುಟುಂಬಗಳ ಕಾಡಿಗೇ ಕೊಡಲಿ ಬೀಳುತ್ತಿರುವುದನ್ನು ಕಂಡ ಸಂಶೋಧಕರು ಕೇಂದ್ರ ಸರ್ಕಾರಕ್ಕೆ ಮೊರೆಯಿಟ್ಟರು. ಮರ ಕಡಿಯುವುದು ನಿಂತಿತು, 1990ರ ದಶಕದ ನಡುವೆ ಚಾಂಗ್‌ಚಿಂಗ್ ರಕ್ಷಿತಾರಣ್ಯವಾಯಿತು. ಮರಿಯ ಅಧ್ಯಯನಕ್ಕೂ ಮರ ಉಳಿಸುವುದಕ್ಕೂ ನೇರ ನಂಟಿದೆ: ಮರಿ ಹಾಕಲು ಬೇಕಾಗುವಷ್ಟು ಅಗಲದ ಪೊಟರೆ ಎಳೆಯ ಮರದಲ್ಲಿ ಇರುವುದಿಲ್ಲ. ನೂರಾರು ವರ್ಷದ ಮುದಿ ಮರಗಳೇ ಬೇಕು. ಕಡಿದ ಕಾಡಿನಲ್ಲಿ ಬಿದಿರು ಬೇಗ ಚಿಗುರುತ್ತದೆ, ಅಲ್ಲಿಗೆ ಪಾಂಡಾ ಮೇಯಲು ಬಂದೀತು, ಆದರೆ ಅಲ್ಲಿ ತಾಯಿಗೆ ಹೆರಿಗೆಮನೆಯಿಲ್ಲ.

ಇನ್ನು ಸೆರೆಯಲ್ಲಿನ ಮರಿಗಳು. ಸೆರೆಯಲ್ಲಿ ಮೊದಲ ಪಾಂಡಾ ಮರಿ ಹುಟ್ಟಿದ್ದು 1963ರಲ್ಲಿ ಬೀಜಿಂಗ್ ಮೃಗಾಲಯದಲ್ಲಿ. ಕೃತಕ ಗರ್ಭಧಾರಣೆಯಿಂದ ಮೊದಲ ಮರಿ 1978ರಲ್ಲಿ, ಅಲ್ಲಿಯೇ. ನಂತರದ ವರ್ಷಗಳ ಕಥೆ ಬಹುಪಾಲು ಸೋಲಿನದು. 1972ರಲ್ಲಿ ವಾಷಿಂಗ್ಟನ್ ಮೃಗಾಲಯಕ್ಕೆ ಉಡುಗೊರೆಯಾಗಿ ಹೋದ ಜೋಡಿಗೆ ಐದು ಮರಿಗಳು ಹುಟ್ಟಿದವು, ಒಂದೂ ಉಳಿಯಲಿಲ್ಲ. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಮ್ಮೆ, ವಸಂತದಲ್ಲಿ, ಗರ್ಭ ನಿಲ್ಲುವ ಅವಕಾಶ ಒಂದೆರಡು ಅಥವಾ ಮೂರು ದಿನ. ಗರ್ಭ ನಿಂತಿತೋ ಇಲ್ಲವೋ ಹೇಳುವುದೂ ಕಷ್ಟ; ಹುಸಿ ಗರ್ಭದಲ್ಲೂ ಹಾರ್ಮೋನುಗಳು ಅದೇ ರೀತಿ ಏರಿಳಿಯುತ್ತವೆ, ಹೆಣ್ಣು ಗೂಡನ್ನೂ ಕಟ್ಟುತ್ತದೆ. ಇದಕ್ಕೆಲ್ಲ ಮೂತ್ರದ ಪರೀಕ್ಷೆ, ಸ್ಕ್ಯಾನಿಂಗ್, ಕಾಯುವಿಕೆ.

ಗೆಲುವು ಬಂದದ್ದು ಒಂದು ಉಪಾಯದಿಂದ, ಆ ಉಪಾಯ ನನಗೆ ಬಹಳ ಇಷ್ಟ. ಹೆರಿಗೆಗಳಲ್ಲಿ ಅರ್ಧದಷ್ಟು ಅವಳಿ, ಆದರೆ ತಾಯಿ ಸಾಮಾನ್ಯವಾಗಿ ಒಂದನ್ನೇ ಎತ್ತಿಕೊಳ್ಳುತ್ತದೆ. ಇನ್ನೊಂದು ಪಕ್ಕದಲ್ಲೇ ಬಿದ್ದು ಸಾಯುತ್ತದೆ. ಎರಡನೆಯದನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಬಾಟಲಿ ಹಾಲಿನಲ್ಲೇ ಬೆಳೆಸುವ ಯತ್ನಗಳು ಮೊದಲಿಗೆ ಫಲಿಸಲಿಲ್ಲ, ಏಕೆಂದರೆ ಗಿಣ್ಣುಹಾಲಿನ ರೋಗನಿರೋಧಕ ಶಕ್ತಿಯನ್ನು ಯಾವ ಪುಡಿಯೂ ಕೊಡುವುದಿಲ್ಲ. ಕೊನೆಗೆ ಸಿಚುವಾನ್‌ನ ಸಾಕಣೆ ಕೇಂದ್ರಗಳು ಮರಿ ಅದಲುಬದಲು ಮಾಡುವುದನ್ನು ರೂಢಿಸಿಕೊಂಡವು. ತಾಯಿಗೆ ಒಂದು ಬಟ್ಟಲು ಜೇನುನೀರು ತೋರಿಸಿ ಗಮನ ಸೆಳೆದು, ಎದೆಯ ಮೇಲಿನ ಮರಿಯನ್ನು ತೆಗೆದು ಇನ್ನೊಂದನ್ನು ಇಡುವುದು. ದಿನಕ್ಕೆ ಹಲವು ಬಾರಿ, ವಾರಗಟ್ಟಲೆ. ತಾಯಿ ಒಂದೇ ಮರಿಯನ್ನು ಸಾಕುತ್ತಿದ್ದೇನೆಂದು ತಿಳಿದೇ ಎರಡನ್ನೂ ಬೆಳೆಸುತ್ತದೆ. ಮನುಷ್ಯ ತಾಯಿಯ ಸ್ಥಾನದಲ್ಲಿ ನಿಲ್ಲುವ ಹಟ ಬಿಟ್ಟು ಅದರ ಪಕ್ಕದಲ್ಲಿ ನಿಂತಾಗಲೇ ಮರಿಗಳು ಉಳಿದವು. 1987ರಲ್ಲಿ ಆರು ಪಾಂಡಾಗಳಿಂದ ಆರಂಭವಾದ ಚೆಂಗ್ಡು ಸಂಶೋಧನಾ ಕೇಂದ್ರ ಇಂದು ಮರಿಗಳ ಸಾಲಿಗೇ ಹೆಸರಾಗಿದೆ. ಜೋಡಿ ಕೂಡಿಸುವುದರಲ್ಲೂ ಇಂಥದೇ ಪಾಠ: ತಳಿಪಟ್ಟಿ ನೋಡಿ ಮನುಷ್ಯರು ಆರಿಸಿದ ಜೋಡಿಗಿಂತ, ಪಾಂಡಾಗಳೇ ಮೆಚ್ಚಿಕೊಂಡ ಜೋಡಿಗಳಲ್ಲಿ ಮರಿಗಳು ಹೆಚ್ಚು ಎಂದು 2015ರ ಒಂದು ಅಧ್ಯಯನ ತೋರಿಸಿತು.

ಸಾಕಿದ ಮರಿಯನ್ನು ಕಾಡಿಗೆ ಮರಳಿಸುವುದು ಬೇರೆಯೇ ವಿದ್ಯೆ. ಶಿಯಾಂಗ್ ಶಿಯಾಂಗ್ ಎಂಬ ಗಂಡು ಪಾಂಡಾಕ್ಕೆ ತರಬೇತಿ ಕೊಟ್ಟು 2006ರ ಏಪ್ರಿಲ್‌ನಲ್ಲಿ ಕಾಡಿಗೆ ಬಿಟ್ಟರು. ಒಂದು ವರ್ಷ ತುಂಬುವ ಮುನ್ನವೇ ಅದು ಸತ್ತಿತು, ಕಾಡಿನ ಗಂಡುಗಳೊಡನೆ ಕಾದಾಡಿ ಗಾಯಗೊಂಡು ಬಿದ್ದಿರಬೇಕೆಂದು ತೀರ್ಮಾನವಾಯಿತು. ಮನುಷ್ಯರ ಕೈಯಲ್ಲಿ ಬೆಳೆದ ಪ್ರಾಣಿಗೆ ಬಿದಿರು ಆರಿಸುವುದನ್ನು ಕಲಿಸಬಹುದು, ಯಾವಾಗ ಹಿಂದೆ ಸರಿಯಬೇಕೆಂಬುದನ್ನು ಕಲಿಸುವವರು ಯಾರು? ಈ ಸಾವಿನ ನಂತರ ವಿಧಾನವೇ ಬದಲಾಯಿತು. 2010ರಲ್ಲಿ ವೊಲಾಂಗ್‌ನ ಹೆತಾವ್‌ಪಿಂಗ್‌ನಲ್ಲಿ ಗರ್ಭಿಣಿ ಪಾಂಡಾಗಳನ್ನೇ ಬೇಲಿಯೊಳಗಿನ ಕಾಡಿಗೆ ಬಿಟ್ಟು, ಮರಿಯನ್ನು ಸಾಕುವ ಕೆಲಸವನ್ನು ಪೂರ್ತಿ ತಾಯಿಗೇ ಒಪ್ಪಿಸಿದರು. ಒಳಗೆ ಹೋಗಲೇಬೇಕಾದ ಸಿಬ್ಬಂದಿ ಪಾಂಡಾ ವೇಷ ತೊಟ್ಟು, ಅದಕ್ಕೆ ಪಾಂಡಾದ ಮೂತ್ರ, ಲದ್ದಿ ಬಳಿದುಕೊಂಡು ಹೋಗುತ್ತಿದ್ದರು. ಆ ಚಿತ್ರಗಳನ್ನು ನೋಡಿ ನಗು ಬಾರದಿರದು, ಆದರೆ ಮರಿಗೆ ಮನುಷ್ಯರ ಆಕಾರದ ಸಲಿಗೆಯೂ ವಾಸನೆಯ ಸಲಿಗೆಯೂ ಬೆಳೆಯಬಾರದೆಂಬುದು ಆ ಯಕ್ಷಗಾನದ ಗಂಭೀರ ಉದ್ದೇಶ. ಹಾಗೆ ತಾಯಿ ತ್ಸಾವ್ ತ್ಸಾವ್‌ಳ ಜೊತೆ ಬೆಳೆದ ತಾವ್ ತಾವ್ ಎಂಬ ಮರಿಯನ್ನು 2012ರ ಅಕ್ಟೋಬರ್‌ನಲ್ಲಿ ಲಿಝಿಪಿಂಗ್ ರಕ್ಷಿತಾರಣ್ಯದಲ್ಲಿ ಬಿಟ್ಟರು, ಅದು ಬದುಕಿಕೊಂಡಿತು. ಮುಂದೆ ಬಿಟ್ಟವುಗಳಲ್ಲಿ ಸತ್ತವೂ ಇವೆ. ಆ ಜಾಗವನ್ನು ಆರಿಸಿದ್ದಕ್ಕೂ ಕಾರಣವಿದೆ: ಅಲ್ಲಿನ ಪಾಂಡಾಗಳು ತೀರಾ ಕೆಲವೇ, ಹೊಸ ರಕ್ತ ಬೆರೆಯದಿದ್ದರೆ ಆ ಗುಂಪು ತಾನಾಗಿ ಕರಗಿಹೋಗುವ ಭಯವಿತ್ತು.

ಇದೇ ಇಂದಿನ ದೊಡ್ಡ ಚಿಂತೆ ಕೂಡ. 1980ರ ದಶಕದ ಗಣತಿಯಲ್ಲಿ 1,114 ಎಂದಿದ್ದ ಕಾಡು ಪಾಂಡಾಗಳ ಸಂಖ್ಯೆ 2014ಕ್ಕೆ ಮುಗಿದ ನಾಲ್ಕನೇ ಗಣತಿಯಲ್ಲಿ 1,864 ಆಯಿತು. 2016ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು ಅಳಿವಿನಂಚಿನ ವರ್ಗದಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಆದರೆ ಆ 1,864 ಪಾಂಡಾಗಳು ರಸ್ತೆ, ಹೊಲ, ಅಣೆಕಟ್ಟುಗಳ ನಡುವೆ 33 ತುಂಡುಗಳಾಗಿ ಒಡೆದಿವೆ. 2021ರಲ್ಲಿ ಘೋಷಣೆಯಾದ ಪಾಂಡಾ ರಾಷ್ಟ್ರೀಯ ಉದ್ಯಾನ ಈ ತುಂಡುಗಳನ್ನು ಹೊಲಿಯುವ ಯತ್ನ. ಇನ್ನೊಂದು ಮಾತನ್ನೂ ಸೇರಿಸಬೇಕು. ಪಾಂಡಾ ಉಳಿದರೆ ಅದರ ನೆರಳಿನಲ್ಲಿ ಎಲ್ಲವೂ ಉಳಿಯುತ್ತವೆ ಎಂದು ನಂಬಿದ್ದೆವು. 2020ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಪಾಂಡಾಗಳ ರಕ್ಷಿತಾರಣ್ಯಗಳು ರೂಪುಗೊಂಡ ದಶಕಗಳಲ್ಲಿಯೇ ಚಿರತೆ, ತೋಳ ಮತ್ತು ಸೀಳುನಾಯಿಗಳು ಆ ಕಾಡುಗಳಿಂದ ಬಹುಮಟ್ಟಿಗೆ ಮರೆಯಾಗಿವೆ. ಬಿದಿರಿನ ನಾಲ್ಕು ಮಟ್ಟಿ ಸಾಕಾಗುವ ಪ್ರಾಣಿಗಾಗಿ ಅಳೆದ ಕಾಡು, ಹಿಂಡುಗಟ್ಟಿ ಓಡುವ ಸೀಳುನಾಯಿಗೆ ಸಾಲಲಿಲ್ಲ.

ಮಾತು ಮುಗಿದ ಮೇಲೆ ಮಂಡ್ಯದ ಕಡೆಯ ವಿದ್ಯಾರ್ಥಿಯೊಬ್ಬ, ಕಬ್ಬು ಕಡಿಯುವಾಗ ಸಿಗುವ ಚಿರತೆ ಮರಿಗಳನ್ನು ಏನು ಮಾಡಬೇಕು ಎಂದು ಕೇಳಿದ. ಅಲ್ಲಿಯೂ ತಾಯಿ ಹಗಲಲ್ಲಿ ಮರಿಗಳನ್ನು ಕಬ್ಬಿನ ಮರೆಯಲ್ಲಿ ಬಿಟ್ಟು ದೂರವಿರುತ್ತದೆ. ಜನ ಮರಿಯನ್ನೆತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೇಳಿದ್ದು ಇಷ್ಟು: ಮುಟ್ಟದೆ, ಕಡಿಯುವ ಕೆಲಸ ನಿಲ್ಲಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಅವರು ಮರಿಗಳನ್ನು ಬುಟ್ಟಿಯಲ್ಲೋ ಕ್ರೇಟಿನಲ್ಲೋ ಇಟ್ಟು, ಸಿಕ್ಕ ಜಾಗದಲ್ಲೇ ಸಂಜೆಗೆ ಬಿಟ್ಟು, ಎದುರಿಗೊಂದು ಕ್ಯಾಮೆರಾ ಕಟ್ಟಿ ಜನರನ್ನು ದೂರ ಕಳಿಸುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು, ಬುಟ್ಟಿಯನ್ನು ಮೂಸಿ, ಮರಿಗಳನ್ನು ಒಂದೊಂದಾಗಿ ಕತ್ತು ಕಚ್ಚಿ ಎತ್ತಿಕೊಂಡು ಹೋದ ಚಿತ್ರಗಳು ಅಂಥ ಕ್ಯಾಮೆರಾಗಳಲ್ಲಿ ಸಿಕ್ಕಿವೆ.